ಎರಡನೇ ಭಾಗದ ಉಸಿರು

"ಸ್ವಲ್ಪ ನಿಲ್ಲಿಸ್ತೀರಾ? ನೀವಿಲ್ಲಿ ಮುಖ್ಯ ವಾದ್ಯ ಅಲ್ಲ... ಪಕ್ಕವಾದ್ಯ!"

ಪಿಯಾನೋದ ಮೇಲೆ ಓಡುತ್ತಿದ್ದ ರಿಮ್ಮಾಳ ಬೆರಳುಗಳು ಗಕ್ಕನೆ ನಿಂತವು.

ಅರವತ್ತು ಜನರ ಆರ್ಕೆಸ್ಟ್ರಾ ಅರ್ಧಕ್ಕೇ ನಿಂತುಹೋಯಿತು. ಪಿಟೀಲಿನವರು ಕಮಾನು ಕೆಳಗಿಳಿಸಿ ಪರಸ್ಪರ ಮುಖ ನೋಡಿಕೊಂಡರು. ಮಾತಾಡಿದವನು ಮಧ್ಯದ ಸಾಲಿನಲ್ಲಿ ಕ್ಲಾರಿನೆಟ್ ಹಿಡಿದು ಕೂತಿದ್ದ. ತೆಳ್ಳನೆಯ ಮುಖ, ಕೆದರಿದ ಕೂದಲು, ಕುತ್ತಿಗೆಗೆ ಬೂದು ಮಫ್ಲರ್.

ಪಕ್ಕವಾದ್ಯ!

ಆ ಒಂದು ಪದ ರಿಮ್ಮಾಳ ಎದೆಗೆ ನೇರ ನಾಟಿತು. ಆರು ವರ್ಷ... ಯಾರೋಸ್ಲಾವ್ಲ್‌ನ ಸಂಗೀತ ಕಾಲೇಜಿನ ಹಾಡುಗಾರಿಕೆ ತರಗತಿಯಲ್ಲಿ ಆರು ವರ್ಷ ಅವಳು ಮಾಡಿದ್ದು ಅದನ್ನೇ. ಹಾಡುವವರು ಮುಂದೆ ನಿಂತು ಹೂಗುಚ್ಛ ಪಡೆಯುತ್ತಿದ್ದರು. ಅವಳು ಹಿಂದೆ ಕೂತು ಪುಟ ತಿರುವುತ್ತಿದ್ದಳು.

'ಅದನ್ನೇ ಎತ್ತಿ ಎಲ್ಲರೆದುರಿಗೆ ಮುಖಕ್ಕೆ ಹೊಡೆದನಲ್ಲ!'

ಆದರೆ ರಿಮ್ಮಾ ತಲೆ ತಗ್ಗಿಸುವ ಹೆಣ್ಣಲ್ಲ. ಸ್ಟೂಲಿನ ಮೇಲೇ ಪೂರ್ತಿ ತಿರುಗಿ ಕೂತಳು.

"ನಿಮ್ಮ ಹೆಸರು?"

"ಗ್ಲೇಬ್ ರೊಮಾನೊವಿಚ್."

"ಗ್ಲೇಬ್ ರೊಮಾನೊವಿಚ್, ಇಲ್ಲಿ 'ನಿಧಾನ' ಅಂತ ಬರೆದಿದೆ. ನೀವು ಪ್ರತಿ ಸಾಲಿನ ಕೊನೆಯಲ್ಲೂ ಓಡ್ತಿದ್ದೀರಿ. ಮಾಸ್ಕೋ ರೈಲು ಹಿಡೀಬೇಕಾ?"

ಹಿಂದಿನ ಸಾಲಿನಲ್ಲಿ ಕಹಳೆ ಊದುವವರು ಗೊಳ್ಳೆಂದು ನಕ್ಕರು. ಗ್ಲೇಬ್‌ನ ಕಿವಿ ಕೆಂಪಾಯಿತು.

"ಸಾಕು, ಸಾಕು! ಸಂತೆಯಲ್ಲಿ ಕೂತಿಲ್ಲ ನಾವು!" ನಿರ್ದೇಶಕ ಇನ್ನೊಕೆಂತಿ ಪಾವ್ಲೊವಿಚ್ ತಮ್ಮ ಸಣ್ಣ ಕೋಲಿನಿಂದ ಎದುರಿನ ಹಲಗೆ ಬಡಿದರು. "ಎರಡನೇ ಭಾಗ, ಮತ್ತೆ ಮೊದಲಿಂದ!"

ಆ ಮಾರ್ಚ್ ತಿಂಗಳಲ್ಲಿ ಈ ಕನ್ಸರ್ಟೊವನ್ನು, ಪಿಯಾನೋಗೆ ಇಡೀ ಆರ್ಕೆಸ್ಟ್ರಾ ಜೊತೆಗೂಡುವ ಈ ಮೂರು ಭಾಗದ ಕೃತಿಯನ್ನು, ನುಡಿಸಬೇಕಿದ್ದವಳು ರಿಮ್ಮಾ ಅಲ್ಲ. ಮಾಸ್ಕೋದಿಂದ ಬರಬೇಕಿದ್ದ ದೊಡ್ಡ ಕಲಾವಿದರೊಬ್ಬರು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಟಿಕೆಟ್ ಎಲ್ಲ ಮಾರಾಟವಾಗಿತ್ತು. ಉಳಿದದ್ದು ಹತ್ತೇ ದಿನ. ಇನ್ನೊಕೆಂತಿ ಪಾವ್ಲೊವಿಚ್ ತಾವೇ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ರಿಮ್ಮಾಳ ಬಾಗಿಲು ತಟ್ಟಿದ್ದರು.

"ರಿಮ್ಮಾ ಮಾರ್ಕೊವ್ನಾ, ಸಿ ಮೈನರ್ ಕನ್ಸರ್ಟೊ... ಹತ್ತು ದಿನದಲ್ಲಿ ಆಗುತ್ತಾ?"

"ಹತ್ತು ದಿನ ಯಾಕೆ? ನಾಳೆ ಬೇಕಾದ್ರೂ ಆಗುತ್ತೆ."

ಅದು ಜಂಭವಾಗಿರಲಿಲ್ಲ. ಹದಿನೇಳನೇ ವಯಸ್ಸಿನಿಂದ ಆ ಕನ್ಸರ್ಟೊ ಅವಳ ಬೆರಳುಗಳಲ್ಲಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ. ಆ ಊರಿನಲ್ಲಿ ಟ್ರಾಮ್ ಓಡಿಸುವವಳಿಗೂ ಅದರ ರಾಗ ಗೊತ್ತು. ಒಂದು ತಪ್ಪು ಸ್ವರ ಬಿದ್ದರೂ ಸಭೆಯಲ್ಲಿ ಮುನ್ನೂರು ಜನ ತಲೆ ಎತ್ತುತ್ತಾರೆ. ಚೆನ್ನಾಗಿ ನುಡಿಸಿದರೆ ಆರ್ಕೆಸ್ಟ್ರಾದ ಖಾಯಂ ಕಲಾವಿದೆಯಾಗಿ ತೆಗೆದುಕೊಳ್ಳುವುದಾಗಿ ನಿರ್ದೇಶಕರು ಮಾತು ಕೊಟ್ಟಿದ್ದರು. ಕೆಡಿಸಿದರೆ? ಇಪ್ಪತ್ತೆಂಟು ವರ್ಷದ ಪಕ್ಕವಾದ್ಯದವಳಿಗೆ ಇನ್ನೊಂದು ಅವಕಾಶ ಯಾರು ಕೊಡುತ್ತಾರೆ?

ಮೊದಲ ಭಾಗದಲ್ಲಿ ಅವಳಿಗೆ ಅಳುಕೇ ಇರಲಿಲ್ಲ. ಆರಂಭದಲ್ಲಿ ಪಿಯಾನೋ ಒಂದೇ. ದೂರದ ಚರ್ಚಿನ ಗಂಟೆಯಂತೆ ಎಂಟು ಸಲ ಸ್ವರಗುಚ್ಛ ಬೀಳುತ್ತದೆ, ಒಂದಕ್ಕಿಂತ ಒಂದು ಜೋರಾಗಿ. ಆಮೇಲೆ ಕಟ್ಟೆಯೊಡೆದ ಹಾಗೆ ತಂತಿವಾದ್ಯಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಅವಳು ಆ ಎಂಟು ಗಂಟೆ ಬಾರಿಸಿದಾಗ ಹಿಂದಿನ ಸಾಲಿನಲ್ಲಿ ಪತ್ರಿಕೆ ಓದುತ್ತಿದ್ದ ಡ್ರಮ್ಮಿನ ಮುದುಕ ಪತ್ರಿಕೆ ಮಡಚಿಟ್ಟಿದ್ದ!

ತೊಂದರೆ ಇದ್ದದ್ದು ಎರಡನೇ ಭಾಗದಲ್ಲಿ.

ಅಲ್ಲಿ ಪಿಯಾನೋ ಮೆಲ್ಲಗೆ ಅಲೆ ಎಬ್ಬಿಸುತ್ತದೆ. ಆ ಅಲೆ ಒಂಟಿಯಾಗಿರುವಾಗ ತಾಳದ ಪೆಟ್ಟು ಎಲ್ಲಿ ಬೀಳುತ್ತಿದೆ ಎಂದು ಕೇಳುವವರಿಗೆ ತಿಳಿಯುವುದೇ ಇಲ್ಲ. ಮೊದಲು ಕೊಳಲು ಒಂದು ಮಾತು ಹೇಳಿ ಸರಿಯುತ್ತದೆ. ಬಳಿಕ ಕ್ಲಾರಿನೆಟ್ ಉದ್ದದ ಹಾಡು ಎತ್ತಿಕೊಳ್ಳುತ್ತದೆ. ಆಗ ಗೊತ್ತಾಗುತ್ತದೆ, ಓಹೋ, ತಾಳ ಇಲ್ಲಿದೆ! ಮುಂದೆ ಇಬ್ಬರೂ ಜಾಗ ಬದಲಿಸುತ್ತಾರೆ. ಹಾಡು ಪಿಯಾನೋಗೆ, ಅಲೆ ಕ್ಲಾರಿನೆಟ್‌ಗೆ. ಒಬ್ಬರು ಇನ್ನೊಬ್ಬರ ಮಾತು ಕೇಳದಿದ್ದರೆ ಆ ಭಾಗ ಅಲ್ಲೇ ಸತ್ತಂತೆ.

ಅಭ್ಯಾಸದ ಮೊದಲ ಮೂರು ದಿನವೂ ಅದು ಸತ್ತಿತು!

ಅವಳು ಹಿಡಿದಷ್ಟೂ ಅವನು ಓಡಿದ. ಅವನು ಓಡಿದಷ್ಟೂ ಅವಳು ಹಿಡಿದಳು.

ನಾಲ್ಕನೇ ದಿನ ಮಾತ್ರ ಒಂದು ವಿಚಿತ್ರ ನಡೆಯಿತು. ಹಾಡು ಪಿಯಾನೋಗೆ ಬಂದ ಜಾಗದಲ್ಲಿ ರಿಮ್ಮಾ ಕೋಪ ಮರೆತು ನುಡಿಸುತ್ತಿದ್ದಳು. ಕೆಳಗಿನಿಂದ ಕ್ಲಾರಿನೆಟ್ಟಿನ ಅಲೆ ಬಂತು... ಅದೆಷ್ಟು ಮೃದು! ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆಯುವಂತೆ. ಅವಳು ಒಂದು ಸ್ವರದ ಮೇಲೆ ಚೂರು ತಡೆದರೆ ಅದೂ ತಡೆಯಿತು. ಅವಳು ಜಾರಿದರೆ ಅದೂ ಜಾರಿತು.

ರಿಮ್ಮಾ ತಲೆ ಎತ್ತಿ ನೋಡಿದಳು. ಗ್ಲೇಬ್‌ನ ಬೂದುಗಣ್ಣುಗಳು ಅವಳ ಕೈಗಳನ್ನೇ ನೋಡುತ್ತಿದ್ದವು.

'ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳೋ ಮನುಷ್ಯ ಕೆಟ್ಟವನಾಗಿರೋದು ಸಾಧ್ಯವಾ?'

ಎದೆ ಯಾಕೋ ತಾಳ ತಪ್ಪಿತು. ಅವಳು ಬೇಗ ಕಣ್ಣು ಕೆಳಗಿಳಿಸಿದಳು.

ಮರುದಿನವೇ ಆ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡಳು ಅವಳು. ಅಭ್ಯಾಸ ಮುಗಿಸಿ ಕೋಟು ಹಾಕಿಕೊಳ್ಳುತ್ತಿದ್ದಾಗ ನಿರ್ದೇಶಕರ ಕೋಣೆಯ ಅರೆತೆರೆದ ಬಾಗಿಲಿನಿಂದ ಗ್ಲೇಬ್‌ನ ದನಿ ಕೇಳಿಸಿತು.

"ಎರಡನೇ ಭಾಗದ ಆ ಉದ್ದದ ಹಾಡನ್ನ ವಾದಿಮ್‌ಗೆ ಕೊಟ್ಟುಬಿಡಿ, ಇನ್ನೊಕೆಂತಿ ಪಾವ್ಲೊವಿಚ್. ಎರಡನೇ ಕ್ಲಾರಿನೆಟ್ ಆದ್ರೂ ಹುಡುಗ ಚೆನ್ನಾಗಿ ನುಡಿಸ್ತಾನೆ. ನನ್ನಿಂದ... ಅವಳ ಜೊತೆ ನನ್ನಿಂದ ಆಗಲ್ಲ."

"ಹನ್ನೊಂದು ವರ್ಷದಿಂದ ಮೊದಲ ಕ್ಲಾರಿನೆಟ್ಟಿನ ಕುರ್ಚಿಯಲ್ಲಿ ಕೂತಿರೋನು ನೀನು! ಕಾರಣ ಹೇಳು!"

"ಕಾರಣ ಕೇಳಬೇಡಿ."

ರಿಮ್ಮಾ ಇನ್ನು ಅಲ್ಲಿ ನಿಲ್ಲಲಿಲ್ಲ.

ವೋಲ್ಗಾ ದಂಡೆಯ ಉದ್ದಕ್ಕೂ ನಡೆದಳು. ನದಿಯ ಮೇಲಿನ ಮಂಜುಗಡ್ಡೆ ಅಲ್ಲಲ್ಲಿ ಬಿರುಕು ಬಿಟ್ಟು ನೀರು ಕಪ್ಪಗೆ ಇಣುಕುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಗಾಳಿಗೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಗಾಳಿಯೇ ಇರಲಿಲ್ಲ.

'ನನ್ನ ಜೊತೆ ಕೂತು ನುಡಿಸೋದು ಅಷ್ಟು ಅವಮಾನವಾ ಅವನಿಗೆ? ನಾನು ಪಕ್ಕವಾದ್ಯದವಳು ಅಂತಾನಾ?'

ದಂಡೆಯ ಕೊನೆ ಮುಟ್ಟುವಷ್ಟರಲ್ಲಿ ಅಳು ಮುಗಿದಿತ್ತು. ಸಿಟ್ಟು ಉಳಿದಿತ್ತು. 'ಕೇಳೇ ಬಿಡ್ತೀನಿ. ಹೇಳಲಿ ನೋಡೋಣ, ಮುಖಕ್ಕೆ ಮುಖ ಕೊಟ್ಟು!'

ಮರುದಿನ ಬೆಳಗ್ಗೆ ಸಭಾಂಗಣದ ಕ್ಯಾಂಟೀನಿನಲ್ಲಿ ಗ್ಲೇಬ್ ಒಂದು ಲೋಟ ಚಹಾದ ಮುಂದೆ ಕೂತಿದ್ದ. ಜೊತೆಗೆ ಕೊಳಲಿನ ನೋನ್ನಾ ಅಕ್ಕ. ಐವತ್ತೈದು ದಾಟಿದ ಅವರನ್ನು ಆರ್ಕೆಸ್ಟ್ರಾದಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ರಿಮ್ಮಾ ನೇರ ಹೋಗಿ ಎದುರಿನ ಕುರ್ಚಿ ಎಳೆದು ಕೂತಳು.

"ಗ್ಲೇಬ್ ರೊಮಾನೊವಿಚ್, ನಿನ್ನೆ ನಿಮ್ಮ ಮಾತು ನನ್ನ ಕಿವಿಗೆ ಬಿತ್ತು. ನನ್ನ ಜೊತೆ ನಿಮ್ಮಿಂದ ಆಗಲ್ವಂತೆ. ಯಾಕೆ?"

ಗ್ಲೇಬ್ ಲೋಟ ಕೆಳಗಿಟ್ಟ.

"ನಾನು ಆರು ವರ್ಷ ಪಕ್ಕವಾದ್ಯ ನುಡಿಸಿದೀನಿ. ಹೌದು! ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಆದ್ರೆ ಅದನ್ನ ಎಲ್ಲರ ಮುಂದೆ ಎತ್ತಿ ಆಡೋದಿದ್ಯಲ್ಲ..."

"ಅಯ್ಯೋ ದೇವರೇ!" ನೋನ್ನಾ ಅಕ್ಕ ಕೈಯಲ್ಲಿದ್ದ ಎಲೆಕೋಸಿನ ಕಡುಬನ್ನು ತಟ್ಟೆಗೆ ಎಸೆದರು. "ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲೋ! ನೀನು ಹೇಳ್ತೀಯೋ, ನಾನು ಹೇಳಲೋ?"

"ನೋನ್ನಾ ಅಕ್ಕ, ಬೇಡ..."

"ಬೇಡ ಅಂತೆ ಬೇಡ! ಕೇಳು ಮಗಳೇ. ಮಾಸ್ಕೋದೋರು ಬಿದ್ರು ಅಂತ ಫೋನ್ ಬಂತಲ್ಲ, ಆಗ ನಿರ್ದೇಶಕರಿಗೆ ನಿನ್ನ ಹೆಸರು ಹೇಳಿದ್ದು ಯಾರು ಗೊತ್ತಾ? ಈ ಮಹಾಶಯ! 'ಅವಳನ್ನ ಕರೀರಿ, ಇಲ್ಲಾಂದ್ರೆ ಕಾರ್ಯಕ್ರಮ ರದ್ದು ಮಾಡಿ' ಅಂದ."

ರಿಮ್ಮಾಳ ಸಿಟ್ಟು ಅರ್ಧ ದಾರಿಯಲ್ಲೇ ಕಾಲು ತಪ್ಪಿ ನಿಂತಿತು.

"ನೀವಾ? ನಿಮಗೆ ನಾನು ಹೇಗೆ ಗೊತ್ತು?"

ಗ್ಲೇಬ್ ಮೇಜಿನ ಕಡೆ ನೋಡುತ್ತ ಹೇಳಿದ.

"ನಾಲ್ಕು ವರ್ಷದ ಹಿಂದೆ ನಿಮ್ಮ ಕಾಲೇಜಿನಲ್ಲಿ ಒಂದು ಕಛೇರಿ. ಯಾರೋ ದಪ್ಪ ಗಂಟಲಿನ ಹುಡುಗ ಹಾಡ್ತಿದ್ದ. ಅವನು ಏನು ಹಾಡಿದ ಅಂತ ನನಗೆ ಈಗಲೂ ನೆನಪಿಲ್ಲ. ನಾನು ಕೇಳಿದ್ದು ನಿಮ್ಮನ್ನ. ಅವತ್ತು ನಾನು ಪಕ್ಕವಾದ್ಯ ಅಂದಿದ್ದು ಬೈಗುಳ ಅಲ್ಲ, ರಿಮ್ಮಾ ಮಾರ್ಕೊವ್ನಾ. ಇಡೀ ಕನ್ಸರ್ಟೊದಲ್ಲಿ ಪಿಯಾನೋ ತಲೆ ಬಾಗಿ ಇನ್ನೊಬ್ಬರ ಹಾಡು ಹೊರೋ ಜಾಗ ಅದು. ದೊಡ್ಡ ದೊಡ್ಡೋರಿಗೆಲ್ಲ ಅಲ್ಲಿ ಸೋಲಾಗುತ್ತೆ. ನಿಮಗೆ ಅದು ಬರುತ್ತೆ. ಅದಕ್ಕೇ ನಿಮ್ಮ ಹೆಸರು ಹೇಳಿದೆ. ನೀವು ನೋಡಿದ್ರೆ... ಅದನ್ನೇ ಬಿಟ್ಟು ಬಂದಿದೀರಿ!"

ಅವಳಿಗೆ ಮುಖ ಬಿಸಿಯಾಯಿತು. ನಿಜ. ಪಕ್ಕವಾದ್ಯದವಳು ಎಂದು ಯಾರಿಗೂ ಅನ್ನಿಸಬಾರದೆಂದು ಆ ಅಲೆಗಳನ್ನೂ ಅವಳು ಎದೆಯುಬ್ಬಿಸಿಕೊಂಡೇ ನುಡಿಸಿದ್ದಳು.

"ಸರಿ, ಆ ತಪ್ಪು ನಂದು. ಒಪ್ಪಿದೆ. ಮತ್ತೆ ನೀವು ಯಾಕೆ ಬಿಟ್ಟು ಹೋಗ್ತಿದೀರಿ?"

ಅವನು ಉತ್ತರಿಸುವ ಮೊದಲೇ ಕೆಮ್ಮು ಬಂತು. ಒಣ, ಉದ್ದದ ಕೆಮ್ಮು. ಮಫ್ಲರಿನ ತುದಿ ಬಾಯಿಗೆ ಒತ್ತಿಕೊಂಡ.

"ಶರತ್ಕಾಲದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಗುಣ ಆಯ್ತು, ಆದ್ರೆ ಎಡಗಡೆ ಇನ್ನೂ ಪೂರ್ತಿ ಅರಳ್ತಿಲ್ಲ. ಆ ಉದ್ದದ ಸಾಲು ಮೊದಲೆಲ್ಲ ಒಂದೇ ಉಸಿರಲ್ಲಿ ಮುಗಿಸ್ತಿದ್ದೆ. ಈಗ ಕೊನೇಲಿ ಉಸಿರು ಸಾಲಲ್ಲ, ಓಡ್ತೀನಿ. ನೀವು ಹಿಡಿದಷ್ಟೂ ನಾನು ಮುಳುಗ್ತೀನಿ." ಅವನು ಮೊದಲ ಬಾರಿಗೆ ಕಣ್ಣೆತ್ತಿದ. "ಸಭೆಯಲ್ಲಿ ಅಲ್ಲಿ ಕಡಿದು ಹೋದ್ರೆ ಜನ ನನ್ನನ್ನ ಬೈಯಲ್ಲ. ನಿಮ್ಮ ಕಛೇರಿ ಕೆಡ್ತು ಅಂತಾರೆ. ನಾಲ್ಕು ವರ್ಷ ಕಾದಿದ್ದು ಇದಕ್ಕಾ?"

ನೋನ್ನಾ ಅಕ್ಕ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇದೆಯೆಂಬಂತೆ ಅತ್ತ ತಿರುಗಿದರು.

'ನನ್ನನ್ನ ಬೇಡ ಅಂತ ಅಲ್ಲ... ನನಗೋಸ್ಕರ!'

ರಿಮ್ಮಾ ಎದ್ದು ನಿಂತಳು.

"ಏಳಿ."

"ಎಲ್ಲಿಗೆ?"

"ಮಹಡಿ ಮೇಲಿನ ಅಭ್ಯಾಸದ ಕೋಣೆಗೆ. ಆರು ವರ್ಷ ನಾನು ಏನು ನೋಡ್ತಾ ಕೂತಿದ್ದೆ ಅಂದ್ಕೊಂಡ್ರಿ? ಹಾಡೋರ ಬೆನ್ನು! ಭುಜ ಒಂದು ಕೂದಲೆಳೆ ಏರಿದ್ರೂ ಅವರಿಗೆ ಉಸಿರು ಬೇಕು ಅಂತ ನನಗೆ ಗೊತ್ತಾಗುತ್ತೆ. ಶೀತ ಆದೋರನ್ನ, ಹೆದರಿದೋರನ್ನ, ಏಳು ತಿಂಗಳ ಬಸುರಿಯನ್ನ ಕೊನೇವರೆಗೂ ದಾಟಿಸಿದೀನಿ. ನೀವು ಯಾವ ಮಹಾ ಲೆಕ್ಕ? ಬನ್ನಿ!"

"ಹೋಗೋ," ಎಂದರು ನೋನ್ನಾ ಅಕ್ಕ ಕಿಟಕಿಯ ಕಡೆಯಿಂದಲೇ. "ಚಹಾ ನಾನು ಕುಡೀತೀನಿ."

ಆ ದಿನ ಅವರಿಬ್ಬರೂ ಮೂರು ಗಂಟೆ ಆ ಒಂದೇ ಸಾಲನ್ನು ಅಭ್ಯಾಸ ಮಾಡಿದರು. ಗ್ಲೇಬ್ ಪಿಯಾನೋದ ಪಕ್ಕ, ಅವಳ ಎದುರಿಗೇ ನಿಂತ.

"ಇಲ್ಲಿ ಉಸಿರು ತಗೊಳ್ಳಿ."

"ಇಲ್ಲಿ ತಗೊಂಡ್ರೆ ಸಾಲು ಕಡಿಯುತ್ತೆ!"

"ನೀವು ಕಡೀರಿ. ಕಡಿದಿದ್ದು ಕೇಳಿಸದ ಹಾಗೆ ನಾನು ನೋಡ್ಕೋತೀನಿ."

ಅವನು ಉಸಿರೆಳೆದ ಕ್ಷಣದಲ್ಲಿ ಅವಳ ಎಡಗೈ ತುಸು ತುಂಬಿಕೊಂಡಿತು. ಅಲೆ ಮೇಲೆದ್ದು ಆ ಬಿರುಕನ್ನು ಮುಚ್ಚಿ ಮತ್ತೆ ಇಳಿಯಿತು. ಕ್ಲಾರಿನೆಟ್ ಎಲ್ಲೂ ನಿಲ್ಲಲೇ ಇಲ್ಲವೇನೋ ಎಂಬಂತೆ ಹಾಡು ಮುಂದೆ ಸಾಗಿತು.

ಗ್ಲೇಬ್ ವಾದ್ಯ ಕೆಳಗಿಳಿಸಿದ.

"ನನಗೇ ಕೇಳಿಸಲಿಲ್ಲ..." ಎಂದ.

"ಮತ್ತೆ? ಸುಮ್ನೆ ಸಂಬಳ ತಗೊಂಡಿಲ್ಲ ನಾನು!"

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಮುಂದಿನ ಹಲ್ಲಿನಲ್ಲೊಂದು ಸಣ್ಣ ಸಂದು. ಅದನ್ನು ನೋಡಿ ರಿಮ್ಮಾ ಮುಂದಿನ ಸ್ವರವನ್ನು ತಪ್ಪಾಗಿ ಒತ್ತಿದಳು!

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಸಭಾಂಗಣ ತುಂಬಿತು. ಕಂಬಗಳ ನಡುವೆ ಹೆಚ್ಚುವರಿ ಕುರ್ಚಿ ಹಾಕಿದ್ದರು. ಮಾಸ್ಕೋದವರು ಬರಲಿಲ್ಲವೆಂದು ಕೆಲವರು ಗೊಣಗಿದರು.

"ಯಾರಿವಳು?"

"ಕಾಲೇಜಿನಲ್ಲಿ ಹಾಡೋರಿಗೆ ನುಡಿಸ್ತಾಳಂತೆ."

"ಹಾಳಾಯ್ತು ಬಿಡು ಭಾನುವಾರ!"

ರಿಮ್ಮಾ ಕಪ್ಪು ಮಖಮಲ್ಲಿನ ಉಡುಪಿನಲ್ಲಿ ಬಂದು ಕೂತಳು. ಗೊಣಗಾಟ ಅವಳಿಗೂ ಕೇಳಿಸಿತ್ತು. ಸ್ಟೂಲು ಸರಿಮಾಡಿಕೊಂಡು ಕೀಲಿಮಣೆಯ ಮೇಲೆ ಕೈಯಿಟ್ಟಳು.

ಆರಂಭದ ಆ ಎಂಟು ಗಂಟೆನಾದಗಳು ಬಿದ್ದವು. ನಾಲ್ಕನೆಯದಕ್ಕೆ ಕೆಮ್ಮುವವರು ಕೆಮ್ಮು ನುಂಗಿದರು. ಎಂಟನೆಯದಕ್ಕೆ ಉಸಿರನ್ನೇ ಹಿಡಿದರು. ತಂತಿವಾದ್ಯಗಳು ವೋಲ್ಗಾ ಒಡೆದಂತೆ ನುಗ್ಗಿದಾಗ, ಅವುಗಳ ಅಡಿಯಲ್ಲಿ ಅವಳ ಪಿಯಾನೋ ನೆಲದಂತೆ ಗಟ್ಟಿಯಾಗಿ ಹರಡಿಕೊಂಡಿತ್ತು. ಬಳಿಕ ಎರಡನೆಯ ರಾಗವನ್ನು ಒಬ್ಬಳೇ ಹಾಡಿದಳು, ಗುಟ್ಟು ಹೇಳುವ ಹಾಗೆ. ಗೊಣಗಿದವನೇ ಮುಂದಕ್ಕೆ ಬಾಗಿ ಕೂತಿದ್ದ.

ಎರಡನೇ ಭಾಗ.

ತಂತಿಗಳು ಮೆಲ್ಲಗೆ ಬಾಗಿಲು ತೆರೆದವು. ರಿಮ್ಮಾಳ ಅಲೆ ಎದ್ದಿತು. ಈ ಸಲ ಎದೆಯುಬ್ಬಿಸಿಕೊಂಡಲ್ಲ. ನೋನ್ನಾ ಅಕ್ಕನ ಕೊಳಲು ಬಂದು ಸರಿಯಿತು. ಗ್ಲೇಬ್ ತುಟಿಗೆ ಕ್ಲಾರಿನೆಟ್ ಇಟ್ಟ.

ಅವಳು ಕೀಲಿಮಣೆಯನ್ನು ನೋಡಲಿಲ್ಲ. ಅವನ ಭುಜವನ್ನು ನೋಡಿದಳು.

ಏರಿತು... ಅವಳ ಎಡಗೈ ತುಂಬಿಕೊಂಡಿತು. ಇಳಿಯಿತು... ಅವಳೂ ಇಳಿದಳು. ಆ ಉದ್ದದ ಸಾಲಿನ ಕೊನೆಯಲ್ಲಿ, ಅವನು ಪ್ರತಿ ದಿನ ಓಡುತ್ತಿದ್ದ ಜಾಗದಲ್ಲಿ, ಅವನು ಓಡಲಿಲ್ಲ. ಕೊನೆಯ ಸ್ವರದ ಮೇಲೆ ನಿಂತು ಅವಳಿಗಾಗಿ ಕಾದ! ಹಾಡು ಅವನ ತುಟಿಯಿಂದ ಅವಳ ಬೆರಳಿಗೆ ಯಾವಾಗ ದಾಟಿತೋ ಸಭೆಗೆ ತಿಳಿಯಲೇ ಇಲ್ಲ.

ಮೂರನೇ ಭಾಗದಲ್ಲಿ ಅವಳಿಗೆ ರೆಕ್ಕೆ ಬಂದಿತ್ತು. ಓಡುವಲ್ಲಿ ಓಡಿದಳು, ಹಾರುವಲ್ಲಿ ಹಾರಿದಳು. ಕೊನೆಗೆ ಆ ದೊಡ್ಡ ರಾಗ ಇಡೀ ಆರ್ಕೆಸ್ಟ್ರಾದಲ್ಲಿ ಎದ್ದು ನಿಂತಾಗ, ಹಿಂದಿನ ಸಾಲಿನಲ್ಲಿ ಹೆಂಗಸರು ಬಹಿರಂಗವಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಜನ ಎದ್ದು ನಿಂತು ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟಿದರು. ಹೂಗುಚ್ಛಗಳು ಬಂದವು. ರಿಮ್ಮಾ ನೇರ ಆರ್ಕೆಸ್ಟ್ರಾದ ನಡುವೆ ನಡೆದು, ಗ್ಲೇಬ್‌ನ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದಳು.

ತೆರೆಯ ಹಿಂದೆ ಇನ್ನೊಕೆಂತಿ ಪಾವ್ಲೊವಿಚ್ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟರು. "ನಾಳೆಯಿಂದ ನೀನು ನಮ್ಮೋಳು! ಕಾಗದ ಪತ್ರ ಆಮೇಲೆ!"

ಅವರು ಹೋದ ಮೇಲೆ ಗ್ಲೇಬ್ ಹತ್ತಿರ ಬಂದ. ಹಣೆ ಬೆವರಿತ್ತು, ಮುಖ ಬಿಳಿಚಿತ್ತು.

"ರಿಮ್ಮಾ..." ಎಂದ. ಗೌರವಕ್ಕೆ ಸೇರಿಸುತ್ತಿದ್ದ ಮಾರ್ಕೊವ್ನಾ ಬಿಟ್ಟುಹೋಗಿತ್ತು.

"ಮೊದಲು ಒಂದು ಮಾತು ಹೇಳಿ. ವೈದ್ಯರು ನಿಮಗೆ ಏನಂದಿದ್ದಾರೆ?"

"ದಕ್ಷಿಣಕ್ಕೆ ಹೋಗು ಅಂತಾರೆ. ಗೆಲೆಂಜಿಕ್‌ನ ಆರೋಗ್ಯಧಾಮ, ಸಮುದ್ರದ ಗಾಳಿ, ಮೂರು ತಿಂಗಳು. ಎರಡು ಸಲ ಅಲ್ಲಿಗೆ ಸೇರಿಕೊಳ್ಳೋ ಚೀಟಿ ಬಂತು, ವಾಪಸು ಕೊಟ್ಟೆ. ಮೂರು ತಿಂಗಳು ಬಿಟ್ರೆ ಕುರ್ಚಿ ಇನ್ನೊಬ್ಬರದಾಗುತ್ತೆ. ಮತ್ತೆ ಈಗ..." ಅವನು ತಡವರಿಸಿದ. "ಈಗ ಹೋಗೋಕೆ ಇನ್ನೂ ಮನಸ್ಸಿಲ್ಲ."

"ಕುರ್ಚಿ ನಾನು ಕಾಯ್ತೀನಿ. ವಾದಿಮ್ ಅದರಲ್ಲಿ ಬೇರು ಬಿಡದ ಹಾಗೆ ನೋನ್ನಾ ಅಕ್ಕ ನೋಡ್ಕೋತಾರೆ. ನೀವು ಹೋಗಿ ಬನ್ನಿ."

"ಇದು ಅಪ್ಪಣೆನಾ?"

"ಹೌದು. ಅಪ್ಪಣೆ!"

ಏಪ್ರಿಲ್ ಮೊದಲ ವಾರ ಅವನು ರೈಲು ಹತ್ತಿದ.

ಅವನ ಪತ್ರಗಳಲ್ಲಿ ಪ್ರೇಮದ ಒಂದು ಸಾಲೂ ಇರುತ್ತಿರಲಿಲ್ಲ. 'ಇವತ್ತು ಕಡಲ ದಡದ ದೀಪಸ್ತಂಭದವರೆಗೆ ನಡೆದೆ. ನಡುವೆ ಎರಡು ಸಲ ನಿಂತೆ.' ಮೇ ತಿಂಗಳಲ್ಲಿ, 'ಒಂದೇ ಸಲ ನಿಂತೆ.' ರಿಮ್ಮಾ ಅವನ್ನು ಟ್ರಾಮಿನಲ್ಲಿ, ಕ್ಯಾಂಟೀನಿನಲ್ಲಿ, ಸಾಲಿನಲ್ಲಿ ನಿಂತಾಗ ಓದುತ್ತಿದ್ದಳು. ಓದಿ ಓದಿ ಕಾಗದದ ಮಡಿಕೆಗಳು ಹರಿದವು.

ಜೂನ್ ಮೊದಲ ವಾರ ಬಂದ ಪತ್ರದಲ್ಲಿ ಹೀಗಿತ್ತು: 'ಇವತ್ತು ನಿಲ್ಲಲೇ ಇಲ್ಲ. ಆದರೆ ದೀಪಸ್ತಂಭದ ಹತ್ತಿರ ಮಾತಾಡಿಸಲು ಯಾರೂ ಇಲ್ಲ.'

ರಿಮ್ಮಾ ಪತ್ರ ಮಡಚಿ, ನೇರ ನಿರ್ದೇಶಕರ ಕೋಣೆಗೆ ಹೋದಳು.

"ನನಗೆ ಎರಡು ವಾರ ರಜೆ ಬೇಕು."

"ಯಾಕಮ್ಮಾ?"

"ಕಾರಣ ಕೇಳಬೇಡಿ."

"ನಿಮ್ಮಿಬ್ಬರಿಗೂ ಇದೇ ರೋಗ!" ಎಂದು ಅವರು ಸಹಿ ಹಾಕಿದರು.

ಎರಡು ದಿನ ರೈಲು, ಆಮೇಲೆ ಬಸ್ಸು. ಆರೋಗ್ಯಧಾಮದ ಗೇಟಿನ ಒಳಗೆ ಬಿಳಿ ಟೋಪಿ ಹಾಕಿದ ಒಬ್ಬ ದಪ್ಪ ನರ್ಸಮ್ಮ ದೊಡ್ಡ ಪುಸ್ತಕದ ಮುಂದೆ ಕೂತಿದ್ದರು. ಪಕ್ಕದಲ್ಲಿ ಒಂದು ಬಟ್ಟಲು ಚೆರ್ರಿ.

"ಯಾರನ್ನ ನೋಡ್ಬೇಕು?"

"ಗ್ಲೇಬ್ ರೊಮಾನೊವಿಚ್ ತುಚ್ಕೋವ್."

"ಏನಾಗ್ಬೇಕು ನಿಮಗೆ? ಮನೆಯವರಿಗೆ ಮಾತ್ರ ಒಳಗೆ ಬಿಡೋದು."

ರಿಮ್ಮಾ ಬಾಯಿ ತೆರೆಯುವ ಮುನ್ನವೇ ಹಿಂದಿನಿಂದ ದನಿ ಬಂತು.

"ಹೆಂಡತಿ."

ಅವಳು ತಿರುಗಿದಳು. ಬಿಸಿಲಿಗೆ ಕಂದಿದ ಮುಖ, ತುಂಬಿದ ಕೆನ್ನೆ, ಕುತ್ತಿಗೆಯಲ್ಲಿ ಮಫ್ಲರ್ ಇಲ್ಲ. ಕಡಲ ಕಡೆಯಿಂದ ಮೆಟ್ಟಿಲು ಹತ್ತಿ ಬಂದಿದ್ದರೂ ಅವನ ಭುಜ ಏರಿಳಿಯುತ್ತಿರಲಿಲ್ಲ. ಆದರೆ ಈ ಮಾತು ಹೇಳಿ ಅವನೇ ಗಾಬರಿಯಾಗಿ ನಿಂತಿದ್ದ!

ನರ್ಸಮ್ಮ ಪೆನ್ನು ಎತ್ತಿದರು. "ಹೆಂಡತಿ. ಹಾಗಂತ ಬರ್ಕೊಳ್ಳಲಾ?"

"ತಾಳಿ!" ಎಂದಳು ರಿಮ್ಮಾ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ಇವರು ನನ್ನನ್ನ ಇನ್ನೂ ಕೇಳೇ ಇಲ್ಲ!"

ನರ್ಸಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಹಾಗಾದ್ರೆ ಕೇಳಪ್ಪಾ ಬೇಗ! ಪೆನ್ನು ಹಿಡ್ಕೊಂಡು ಎಷ್ಟೊತ್ತು ಕೂತಿರ್ಲಿ?"

ಗ್ಲೇಬ್ ಒಂದು ಹೆಜ್ಜೆ ಮುಂದೆ ಬಂದ. ಅವಳ ಕೈಯಿಂದ ಪೆಟ್ಟಿಗೆ ತೆಗೆದು ನೆಲಕ್ಕಿಟ್ಟ. ಖಾಲಿಯಾದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ರಿಮ್ಮಾ, ಪತ್ರದಲ್ಲಿ ಬರೀಬೇಕು ಅಂತ ಅರವತ್ತು ದಿನ ಕೂತೆ. ದೀಪಸ್ತಂಭ ಬಿಟ್ರೆ ಬೇರೇನೂ ಬರೀಲಿಕ್ಕೆ ಆಗಲಿಲ್ಲ. ನೀನಿಲ್ಲದೆ ನನಗೆ ಒಂದು ದಿನವೂ ಆಗಲ್ಲ. ನನ್ನ ಮದುವೆ ಆಗ್ತೀಯಾ?"

"ನಲವತ್ತೆಂಟು ಗಂಟೆ ಗಟ್ಟಿ ಹಲಗೆ ಮೇಲೆ ಕೂತು ಬಂದೋಳನ್ನ ಕೇಳೋ ಪ್ರಶ್ನೆನಾ ಇದು?"

"ಉತ್ತರ ಹೇಳು."

"ಆಗ್ತೀನಿ ಕಣೋ... ಆಗ್ತೀನಿ!"

ನರ್ಸಮ್ಮ ಪುಸ್ತಕದಲ್ಲಿ ಒತ್ತಿ ಬರೆದರು. ಆಮೇಲೆ ಬಟ್ಟಲನ್ನು ಅವರತ್ತ ತಳ್ಳಿದರು.

"ತಗೊಳ್ಳಿ, ಚೆರ್ರಿ ತಿನ್ನಿ. ಭೇಟಿ ಸಮಯ ಆರು ಗಂಟೆವರೆಗೆ."